ಮಗುವೇ ಎಲ್ಲ ಆರಿಸಿಕೊಳ್ಳುವ ನರ್ಸರಿಯಲ್ಲಿ ಟೀಚರ್ ಏನು ಮಾಡುತ್ತಾರೆ?

ಕುವೆಂಪುನಗರದಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ. ಜೂನ್‌ನಲ್ಲಿ ಮೈಸೂರಿನ ಒಂದು ನರ್ಸರಿಗೆ ಸೇರಿಸಿದೆವು. ಹೆಸರು ಬೇಡ. ಅಲ್ಲಿ ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ, ಬೆಂಚೂ ಇಲ್ಲ. ಮಗು ಕಪಾಟಿನಿಂದ ತನಗೆ ಬೇಕಾದ್ದನ್ನು ತೆಗೆದುಕೊಂಡು, ಚಾಪೆ ಹಾಸಿಕೊಂಡು ಮಾಡುತ್ತದೆ. ಸಾಕಾದಾಗ ಎತ್ತಿದ ಜಾಗದಲ್ಲೇ ವಾಪಸ್ ಇಡುತ್ತದೆ. ಮೂರು, ನಾಲ್ಕು, ಐದು ವರ್ಷದವರೆಲ್ಲ ಒಂದೇ ಕೋಣೆಯಲ್ಲಿ. ಸೇರಿಸುವಾಗ ನಮಗೆ ಇದೇ ಇಷ್ಟವಾಗಿತ್ತು.

ಈಗ ದಸರಾ ರಜೆ ಮುಗಿದಿದೆ. "ಇವತ್ತು ಏನು ಮಾಡಿದೆ" ಅಂದರೆ ದಿನಾ ಒಂದೇ ಉತ್ತರ: "ನೀರು ಸುರಿದೆ." ಎದುರು ಮನೆ ಹುಡುಗನಿಗೂ ಇದೇ ವಯಸ್ಸು. ಅವನು ಎಬಿಸಿಡಿ ಪೂರ್ತಿ ಬರೆಯುತ್ತಾನೆ, 50ರ ತನಕ ಅಂಕಿ ಬರೆಯುತ್ತಾನೆ. ಅತ್ತೆ ಸುಮ್ಮನಿರ್ತಾರಾ? "ನೀರು ಸುರಿಯೋಕೆ ಅಷ್ಟು ಫೀಸಾ, ಬಚ್ಚಲಲ್ಲೇ ಸುರೀಲಿ" ಅಂತಾರೆ. ನನಗೂ ಒಳಗೊಳಗೇ ಅನುಮಾನ. ಶಾಲೆಯಲ್ಲಿ ಕೇಳಿದರೆ "ರೆಡಿಯಾದಾಗ ತಾನೇ ಬರೆಯುತ್ತಾಳೆ" ಅನ್ನುತ್ತಾರೆ. ಯಾವಾಗ ರೆಡಿ? ರೆಡಿಯಾಗದೇ ಹೋದರೆ? ಎಲ್ಲ ಮಗುವೇ ಆರಿಸಿಕೊಳ್ಳುವುದಾದರೆ ಟೀಚರ್ ಯಾಕೆ ಬೇಕು? ಬರುವ ವರ್ಷ ಮಾಮೂಲಿ ಎಲ್‌ಕೆಜಿಗೆ ಬದಲಾಯಿಸಬೇಕಾ ಅಂತ ಯೋಚಿಸುತ್ತಿದ್ದೇನೆ. ಗೊತ್ತಿರುವವರು ಹೇಳಿ.

ಹೆಬ್ಬಾಳದಪ್ಪ:
ಬದಲಾಯಿಸಿ. ಖಾರವಾಗಿಯೇ ಹೇಳುತ್ತೇನೆ, ಬೇಸರ ಬೇಡ. ಬೆಂಗಳೂರಲ್ಲಿ ನಮ್ಮ ಮಗನೂ ಇಂಥದ್ದೇ ಒಂದು ಜಾಗದಲ್ಲಿದ್ದ. ಬೋರ್ಡ್ ತುಂಬ ದೊಡ್ಡ ಮಾತು. ಒಂದು ದಿನ ಹೇಳದೆ ಹೋಗಿ ನೋಡಿದರೆ ಮಕ್ಕಳು ಮೂಲೆಯಲ್ಲಿ ಕಿತ್ತಾಡುತ್ತಿದ್ದವು, ಮಿಸ್ ಮೊಬೈಲ್ ನೋಡುತ್ತಿದ್ದರು. ಕೇಳಿದ್ದಕ್ಕೆ "ಮಧ್ಯೆ ಹೋಗಬಾರದು ಸರ್, ಮಗುವಿನ ಸ್ವಾತಂತ್ರ್ಯ" ಅಂದರು. ಒಂದನೇ ಕ್ಲಾಸಿಗೆ ದೊಡ್ಡ ಸ್ಕೂಲಿಗೆ ಹೋದಾಗ ಉಳಿದ ಮಕ್ಕಳು ಸರಾಗವಾಗಿ ಬೋರ್ಡ್ ನೋಡಿ ಬರೆದುಕೊಳ್ಳುತ್ತಿದ್ದರು. ನಮ್ಮವನು ಅಳುತ್ತಾ ಬಂದ. ಕೊನೆಗೆ ಟ್ಯೂಷನ್. ಸೇರಿಸಲು ಒಂದು ಫೀಸ್, ಸರಿಮಾಡಲು ಇನ್ನೊಂದು ಫೀಸ್.

ಜಯನಗರ_ಮಾಂಟ್_ಅಕ್ಕ:
ನಾನು ಮಾಂಟೆಸೊರಿ ತರಬೇತಿ ಮುಗಿಸಿ ತುಂಬಾ ವರ್ಷದಿಂದ ಮೂರರಿಂದ ಆರು ವರ್ಷದವರ ಜೊತೆ ಇದ್ದೇನೆ. ನೀವು ಹೇಳಿದ ಕಪಾಟು, ಚಾಪೆ, ಬೇರೆ ಬೇರೆ ವಯಸ್ಸು ಒಟ್ಟಿಗೆ, ಎಲ್ಲ ಕೇಳಿದರೆ ನಿಮ್ಮದೂ ಅದೇ ಪದ್ಧತಿ ಅನಿಸುತ್ತದೆ.

ಮೊದಲು ನೀರಿನ ವಿಷಯ ಮುಗಿಸೋಣ. ಎರಡು ಪುಟ್ಟ ಜಗ್, ಒಂದರಲ್ಲಿ ನೀರು, ಇನ್ನೊಂದು ಖಾಲಿ. ಮಣಿಕಟ್ಟು ನಿಧಾನಕ್ಕೆ ತಿರುಗಿಸಿ ಚೆಲ್ಲದಂತೆ ಸುರಿಯಬೇಕು. ಚೆಲ್ಲಿದರೆ ಪಕ್ಕದ ಸ್ಪಂಜಿನಿಂದ ಮಗುವೇ ಒರೆಸಬೇಕು. ಇದಕ್ಕೂ ಮೊದಲು ಒಣ ಕಾಳು ಸುರಿದು ಅಭ್ಯಾಸ ಆಗಿರುತ್ತದೆ. ಗುಂಡಿ ಹಾಕುವುದು, ಬಟ್ಟೆ ಮಡಿಸುವುದು, ಗುಡಿಸುವುದು, ಇವನ್ನೆಲ್ಲ ಸೇರಿಸಿ ನಾವು ಇಪಿಎಲ್, ಅಂದರೆ ದಿನನಿತ್ಯದ ಬದುಕಿನ ಕೆಲಸಗಳ ಅಭ್ಯಾಸ, ಅನ್ನುತ್ತೇವೆ. ಆಮೇಲೆ ಸಿಲಿಂಡರ್ ಬ್ಲಾಕ್. ಮರದ ದಿಮ್ಮಿಯಲ್ಲಿ ಹತ್ತು ಕುಳಿ, ಅದಕ್ಕೆ ಹತ್ತು ಸಿಲಿಂಡರ್, ಪ್ರತಿಯೊಂದರ ತಲೆಯ ಮೇಲೂ ಒಂದು ಚಿಕ್ಕ ಹಿಡಿ. ಆ ಹಿಡಿಯನ್ನು ಮೂರು ಬೆರಳಲ್ಲಿ ಹಿಡಿಯಬೇಕು. ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳಲ್ಲಿ. ತಪ್ಪು ಕುಳಿಗೆ ಹಾಕಿದರೆ ಕೊನೆಯಲ್ಲಿ ಒಂದು ಸಿಲಿಂಡರ್ ಎಲ್ಲೂ ಕೂರದೆ ಉಳಿಯುತ್ತದೆ. "ತಪ್ಪು" ಅಂತ ಯಾರೂ ಹೇಳಬೇಕಾಗಿಲ್ಲ. ಮುಂದೆ ಮರಳುಕಾಗದದ ಅಕ್ಷರವನ್ನು ಎರಡು ಬೆರಳಲ್ಲಿ ತೀಡುವುದು, ಲೋಹದ ಅಚ್ಚಿನ ಅಂಚಿಗೆ ಪೆನ್ಸಿಲ್ ಓಡಿಸಿ ಒಳಗೆ ಗೆರೆ ತುಂಬುವುದು. ಇಷ್ಟು ದಾಟಿದ ಮೇಲೆ ಕಾಗದದ ಮೇಲೆ ಬರವಣಿಗೆ. ನಿಮ್ಮ ಮಗಳು ಈಗಲೇ ಬರವಣಿಗೆಯ ದಾರಿಯಲ್ಲಿದ್ದಾಳೆ. ಎದುರು ಮನೆ ಹುಡುಗ ಇನ್ನೊಂದು ದಾರಿಯಲ್ಲಿ ಹೋಗುತ್ತಿದ್ದಾನೆ, ಅಷ್ಟೇ.

ಇನ್ನು ಟೀಚರ್ ಕೆಲಸ. ಮಗು ಆರಿಸಿಕೊಳ್ಳುವುದು ಅದಕ್ಕೆ ಮೊದಲೇ ತೋರಿಸಿಕೊಟ್ಟ ಸಾಮಾನುಗಳಲ್ಲಿ ಮಾತ್ರ. ಒಂದೊಂದು ಸಾಮಾನನ್ನೂ ಒಂದೊಂದು ಮಗುವಿನ ಪಕ್ಕ ಕೂತು, ಕಡಿಮೆ ಮಾತಾಡಿ, ಮಾಡಿ ತೋರಿಸಬೇಕು. ಇದಕ್ಕೆ ಪ್ರೆಸೆಂಟೇಶನ್ ಅನ್ನುತ್ತೇವೆ. ಆಮೇಲೆ ದೂರ ಕೂತು ನೋಡಬೇಕು. ಎಷ್ಟು ಹೊತ್ತು ಮಾಡಿತು, ಎಲ್ಲಿ ಬಿಟ್ಟಿತು, ಕೈ ನಡುಗಿತಾ, ಬೇರೆಯವರು ಮಾಡುವಾಗ ನೋಡಿತಾ, ಎಲ್ಲ ಬರೆದಿಡಬೇಕು. ಮುಂದಿನದನ್ನು ಯಾವಾಗ ತೋರಿಸಬೇಕು ಅಂತ ಅದರಿಂದ ಗೊತ್ತಾಗುತ್ತದೆ. ಕೆಲಸದಲ್ಲಿ ಮುಳುಗಿದ ಮಗುವಿನ ಹತ್ತಿರ ಇನ್ನೊಂದು ಮಗು ಹೋಗಿ ಕೆಡಿಸದಂತೆ ತಡೆಯಬೇಕು. ಬೆಳಗಿನ ಸುಮಾರು ಮೂರು ಗಂಟೆ ಮಧ್ಯೆ ಬೆಲ್ ಹೊಡೆಯದೆ ಬಿಡುವುದೂ ಇದೇ ಕಾರಣಕ್ಕೆ. ಬೋರ್ಡ್ ಮುಂದೆ ನಿಂತು ರೈಮ್ಸ್ ಹೇಳಿಸುವುದಕ್ಕಿಂತ ಇದು ಜಾಸ್ತಿ ಸುಸ್ತಿನ ಕೆಲಸ, ನಂಬಿ.

ಹೆಬ್ಬಾಳದ ಸರ್ ಹೇಳಿದ್ದೂ ಸುಳ್ಳಲ್ಲ, ಈ ಹೆಸರು ಹಾಕಿಕೊಂಡವರೆಲ್ಲ ಒಂದೇ ಅಲ್ಲ. ಈ ಪದ್ಧತಿ ಹುಟ್ಟುಹಾಕಿದ ಮಾರಿಯಾ ಮಾಂಟೆಸೊರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನುವ ಬಡ ಬಡಾವಣೆಯಲ್ಲಿ ತಮ್ಮ ಮೊದಲ ಶಾಲೆ, "ಮಕ್ಕಳ ಮನೆ", ತೆರೆದರು. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿ ಕರೆದಿದ್ದಕ್ಕೆ ಮದ್ರಾಸಿನ ಅಡ್ಯಾರ್‌ಗೆ ಬಂದರು. ಅಷ್ಟರಲ್ಲಿ ಯುದ್ಧ. ಇಟಲಿಯವರು ಅನ್ನುವ ಕಾರಣಕ್ಕೆ ಇಲ್ಲೇ ಉಳಿಯಬೇಕಾಯಿತು. ಅಡ್ಯಾರ್, ಕೊಡೈಕೆನಾಲ್ ಅಂತ 1946ರ ತನಕ ಇಲ್ಲೇ ಇದ್ದು ಸಾವಿರಕ್ಕೂ ಹೆಚ್ಚು ಟೀಚರ್‌ಗಳಿಗೆ ತರಬೇತಿ ಕೊಟ್ಟರು. ನಮ್ಮ ಕಡೆ ಈ ಹೆಸರು ಇಷ್ಟು ಬೇರು ಬಿಟ್ಟಿರುವುದಕ್ಕೆ ಇದೂ ಒಂದು ಕಾರಣ. ಆದರೆ ಈ ಹೆಸರಿಗೆ ಯಾರ ಬೀಗವೂ ಇಲ್ಲ. ಗೋಪುರ ಕಟ್ಟುವ ಒಂದು ಸೆಟ್ ಗುಲಾಬಿ ಘನ ಕೊಂಡು ಯಾರು ಬೇಕಾದರೂ ಬೋರ್ಡ್ ಹಾಕಬಹುದು.

ಶಿರಸಿ_ಸೊಪ್ಪು:
ನಮ್ಮನೆ ಮಾಣಿ ಇಂಥ ಶಾಲೆಯಿಂದ ಗುಡಿಸುವುದು ಕಲಿತು ಬಂದಿದ್ದಾನೆ. ಅವನ ಅಪ್ಪನಿಗೂ ಅಲ್ಲಿ ಸೀಟು ಸಿಗುತ್ತಾ ಅಂತ ವಿಚಾರಿಸುತ್ತಿದ್ದೇನೆ.

ಕೋಟೆ_ಮೇಷ್ಟ್ರು:
ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆ ಮೇಷ್ಟ್ರಾಗಿ ನಿವೃತ್ತನಾದವನು. ಮಗು ಕಾರ್ಡ್ ಹಿಡಿದು ತನ್ನ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ ಶುರುವಾದದ್ದೇ ನಮ್ಮಲ್ಲಿ, 1995ರಲ್ಲಿ. ಯುನಿಸೆಫ್ ನೆರವು ಇತ್ತು. ನಮ್ಮ ಟೀಚರ್‌ಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದು, ಇಲ್ಲಿಗೆ ಬೇಕಾದ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಇದು ನರ್ಸರಿ ಅಲ್ಲ, ಒಂದರಿಂದ ಮೂರನೇ ಕ್ಲಾಸು. ಆದರೂ ಪ್ರಶ್ನೆ ಒಂದೇ ಆಗಿರುವುದರಿಂದ ಹೇಳುತ್ತೇನೆ.

ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮಗುವಿಗೂ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಗೊತ್ತು. ಬಂದು ಏಣಿ ನೋಡಿ, ತನ್ನ ಕಾರ್ಡ್ ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತಿತ್ತು. ತಟ್ಟೆ ಅಂದರೆ ಗುಂಪು. ಒಂದು ತಟ್ಟೆಗೆ ಟೀಚರ್ ಪೂರ್ತಿ ಜೊತೆಗಿರಬೇಕು, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದರಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ಒಂದೇ ಮಾಡಿಕೊಳ್ಳುತ್ತದೆ. ಅಕ್ಷರವೂ ಅ ಆ ಇ ಈ ಸಾಲಿನಲ್ಲಿ ಇಲ್ಲ. ರ ಗ ಸ ದ ಅ ಮೊದಲು. ಐದೇ ಅಕ್ಷರ, ಅಷ್ಟರಲ್ಲೇ ಸರ, ದರ, ಅರಸ, ಗರಗಸ ಓದಿಬಿಡುತ್ತಿದ್ದವು. ಮೊದಲ ಸಲ ಗರಗಸ ಓದಿದ ಮಗುವಿನ ಮುಖ ನೋಡಬೇಕು ನೀವು.

ಒಂದು ವಾರ ಶಾಲೆಗೆ ಬರದೆ ಹಬ್ಬಕ್ಕೋ ಕೂಲಿಗೋ ಅಪ್ಪ ಅಮ್ಮನ ಹಿಂದೆ ಹೋದ ಮಗು ಬಿಟ್ಟ ಮೆಟ್ಟಿಲಿಂದಲೇ ಶುರುಮಾಡುತ್ತಿತ್ತು. ಆದಿವಾಸಿ ಹಾಡಿಯ ಮಕ್ಕಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಮೊದಲಾದರೆ ಪಾಠ ಮುಂದೆ ಹೋಗಿರುತ್ತಿತ್ತು, ಮಗು ಹಿಂದೆ ಉಳಿಯುತ್ತಿತ್ತು, ಆಮೇಲೆ ಶಾಲೆಯನ್ನೇ ಬಿಡುತ್ತಿತ್ತು.

2009-10ರಲ್ಲಿ ಇದು ಇಡೀ ರಾಜ್ಯಕ್ಕೆ ಹೋಯಿತು. ಆಮೇಲೆ ನಾನು ಕೆಲವು ಕಡೆ ನೋಡಿದ್ದು ಬೇರೆ. ಅರ್ಧ ಕಾರ್ಡ್ ಕಾಣೆ, ಮೇಷ್ಟ್ರಿಗೆ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಏಣಿ ಗೋಡೆಯ ಅಲಂಕಾರ ಆಗಿತ್ತು. ಯಾವ ಮಗು ಎಲ್ಲಿಗೆ ಬಂತು ಅಂತ ಗುರುತು ಹಾಕುವ ಪ್ರಗತಿ ನೋಟದಲ್ಲಿ ಮಾತ್ರ ಎಲ್ಲ ಮಕ್ಕಳ ಗುರುತೂ ಒಂದೇ ದಿನ ತುಂಬಿತ್ತು!

ಅದಕ್ಕೇ ಅಮ್ಮಾ, ನಿಮಗೆ ಒಂದೇ ಮಾತು. ಹೋಗಿ ಟೀಚರ್‌ನ ಕೇಳಿ: ನನ್ನ ಮಗಳು ಈಗ ಏನು ಮಾಡುತ್ತಿದ್ದಾಳೆ, ಯಾವುದು ಬರುತ್ತಿಲ್ಲ, ಮುಂದೆ ಏನು ಕೊಡುತ್ತೀರಿ? ಅವರು ತಮ್ಮ ಪುಸ್ತಕ ತೆಗೆದು ತೋರಿಸಿದರೆ ಅಲ್ಲೇ ಬಿಡಿ. "ಚೆನ್ನಾಗಿ ಮಾಡ್ತಿದ್ದಾಳೆ" ಅಂತ ನಕ್ಕು ಸುಮ್ಮನಾದರೆ ಆಗ ಯೋಚನೆ ಮಾಡಿ.

ಹೆಬ್ಬಾಳದಪ್ಪ:
ಮೇಷ್ಟ್ರೇ, ಇದು ಸರಿಯಾದ ಮಾತು. ಆ ಪುಸ್ತಕವನ್ನು ನಮಗೆ ಯಾರೂ ಯಾವತ್ತೂ ತೋರಿಸಲಿಲ್ಲ. ಇತ್ತೋ ಇಲ್ಲವೋ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೀಗೆ ಕಲಿತ ಮಕ್ಕಳು ಮುಂದೆ ಏನಾದರು ಅಂತ ಯಾರಾದರೂ ನೋಡಿದ್ದಾರಾ? ಮುಖ ಅರಳಿತು, ಖುಷಿಯಾಗಿತ್ತು ಅನ್ನುವುದನ್ನು ಬಿಟ್ಟು ಹೇಳಿ.

ಲೆಕ್ಕದ_ಹುಚ್ಚ:
ನೋಡಿದ್ದಾರೆ ಸರ್. ಅಮೆರಿಕದ ಮಿಶಿಗನ್‌ನಲ್ಲಿ ಇಪ್ಸಿಲಾಂಟಿ ಅನ್ನುವ ಊರು. 1962ರಿಂದ 67ರ ತನಕ ಪೆರಿ ಪ್ರೀಸ್ಕೂಲ್ ಅಂತ ನಡೆಯಿತು. ಬಡ ಕಪ್ಪು ಕುಟುಂಬಗಳ 123 ಮಕ್ಕಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು: 58 ಮಕ್ಕಳಿಗೆ ಈ ನರ್ಸರಿ, 65 ಮಕ್ಕಳಿಗೆ ಇಲ್ಲ. ಅವರಿಗೆ 40 ವರ್ಷ ತುಂಬಿದ ಮೇಲೂ ಹುಡುಕಿ ಮಾತಾಡಿಸಿದರು. ನರ್ಸರಿಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ನೂರಕ್ಕೆ 65, ಹೋಗದವರಲ್ಲಿ 45. ಐದು ಅಥವಾ ಹೆಚ್ಚು ಸಲ ಪೊಲೀಸರ ಕೈಗೆ ಸಿಕ್ಕವರು 36 ಮತ್ತು 55.

ಅಲ್ಲಿನ ಕ್ರಮ ಏನಂದರೆ, ಮಗು ಮೊದಲು ತಾನು ಏನು ಮಾಡುತ್ತೇನೆ ಅಂತ ಹೇಳಬೇಕು. ಆಮೇಲೆ ಅದನ್ನು ಮಾಡಬೇಕು. ಕೊನೆಗೆ ಎಲ್ಲರೂ ಕೂತಾಗ ಏನಾಯಿತು ಅಂತ ಹೇಳಬೇಕು. ಗೋಪುರ ಕಟ್ಟುತ್ತೇನೆ ಅಂದಿದ್ದೆ, ಬಿತ್ತು, ಗ್ಯಾರೇಜ್ ಮಾಡಿದೆ, ಹೀಗೆ. ಆರಿಸುವುದು ಮಗು, ಆದರೆ ಆರಿಸಿದ್ದಕ್ಕೆ ಲೆಕ್ಕ ಕೊಡಬೇಕು.

ಈಗ ನನ್ನ ತಕರಾರು ನಾನೇ ಹೇಳುತ್ತೇನೆ. ಅಲ್ಲಿ ಒಬ್ಬ ಟೀಚರ್‌ಗೆ ಆರು ಮಕ್ಕಳ ಆಸುಪಾಸು. ಎಲ್ಲರೂ ಓದಿಕೊಂಡು ತರಬೇತಿ ಪಡೆದ ಟೀಚರ್‌ಗಳು. ವಾರಕ್ಕೊಮ್ಮೆ ಮನೆಗೆ ಹೋಗಿ ತಾಯಿಯ ಜೊತೆ ಒಂದೂವರೆ ಗಂಟೆ ಕೂರುತ್ತಿದ್ದರು. ಒಳ್ಳೆಯದಾದದ್ದು ಮಗುವಿನ ಆಯ್ಕೆಯಿಂದಲೋ, ಮನೆ ಭೇಟಿಯಿಂದಲೋ, ಟೀಚರ್ ಕೈಗೆ ಆರೇ ಮಕ್ಕಳಿದ್ದದ್ದರಿಂದಲೋ? ಈ ಅಂಕಿಗಳಿಂದ ಬಿಡಿಸಿ ಹೇಳಲು ಆಗುವುದಿಲ್ಲ. ಬ್ರೋಶರ್‌ನಲ್ಲಿ ಈ ಹೆಸರು ಹಾಕಿಕೊಳ್ಳುವವರು ಆರು ಮಕ್ಕಳ ವಿಷಯ ಹಾಕುವುದಿಲ್ಲ, ಗಮನಿಸಿ.

ನರಸೀಪುರ_ಅಂಗನವಾಡಿ:
ಆರು ಮಕ್ಕಳಿಗೆ ಒಬ್ಬ ಟೀಚರ್ ಅಂತ ಓದಿ ನಗು ಬಂತು, ಕೋಪ ಇಲ್ಲ. ನಾನು ತಿ. ನರಸೀಪುರದ ಅಂಗನವಾಡಿ ಟೀಚರ್. ರಾಜ್ಯದಲ್ಲಿ ಮೊದಲ ಅಂಗನವಾಡಿಗಳು ಶುರುವಾದದ್ದು ನಮ್ಮ ತಾಲ್ಲೂಕಿನಲ್ಲೇ, 1975ರ ಅಕ್ಟೋಬರ್ 2ರಂದು, ನೂರು ಕೇಂದ್ರ. 2013ರ ಕೇಂದ್ರ ಸರ್ಕಾರದ ನೀತಿಯಲ್ಲೇ ಮೂರರಿಂದ ಆರು ವರ್ಷದವರಿಗೆ 20 ಮಕ್ಕಳಿಗೆ ಒಬ್ಬರು ಅಂತ ಬರೆದಿದೆ. ನಮ್ಮಲ್ಲಿ ಲೆಕ್ಕಕ್ಕೆ ಅದು ಸರಿಹೋಗುತ್ತದೆ. ಆದರೆ ನಾನು ಆ 20 ಮಕ್ಕಳ ಜೊತೆ ಮಾತ್ರ ಇರುತ್ತೇನಾ? ತೂಕ, ಎತ್ತರ, ಪೋಷಣ್ ಟ್ರ್ಯಾಕರ್ ಆ್ಯಪ್, ಗರ್ಭಿಣಿಯರ ಮಾತೃಪೂರ್ಣದ ಊಟ, ಪೋಲಿಯೊ, ಸರ್ವೆ. ಸಹಾಯಕಿ ಅಡುಗೆಯಲ್ಲಿ.

ಆದರೂ ಮಗು ತಾನೇ ಆರಿಸುವುದಕ್ಕೆ ದುಬಾರಿ ಸಾಮಾನು ಬೇಕು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅಂತ ವಕೀಲರು ಇದ್ದರು. ವಕೀಲಿ ಬಿಟ್ಟು 1920ರಲ್ಲಿ ಬಾಲಮಂದಿರ ಶುರುಮಾಡಿದರು. ಮಾಂಟೆಸೊರಿಯವರು ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ ಅವರ ಪದ್ಧತಿಯನ್ನು ನಮ್ಮ ಮಕ್ಕಳಿಗೆ ಹೊಂದಿಸಿದವರು. ಅವರ ಜೊತೆಗಿದ್ದ ತಾರಾಬಾಯಿ ಮೋಡಕ್ ಆಮೇಲೆ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಅನ್ನುವ ಊರಿಗೆ ಹೋದರು, ಅನುತಾಯಿ ವಾಘ್ ಕೈಜೋಡಿಸಿದರು, ಮುಂದೆ ಕೋಸಬಾಡ ಗುಡ್ಡಕ್ಕೆ ಹೋದರು. ಅಲ್ಲಿ ಆದಿವಾಸಿ ಮಕ್ಕಳು ಶಾಲೆಗೆ ಬರಲ್ಲ ಅಂದಾಗ ಇವರೇ ಕೇರಿಯ ಅಂಗಳಕ್ಕೆ ಹೋಗಿ ಕೂತರು. ಬೀಜ, ಕಲ್ಲು, ಚಿಪ್ಪು, ಎಲೆ, ಇವೇ ಸಾಮಾನು. ಟ್ರೈನಿಂಗ್‌ನಲ್ಲಿ ಇದನ್ನು ಕೇಳಿದ ಮೇಲೆ ನಾನು ಹುಣಸೆ ಬೀಜ, ಹಲಸಿನ ಬೀಜ, ಬಾಟಲಿ ಮುಚ್ಚಳ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟೆ. ಮಕ್ಕಳು ಎಣಿಸುತ್ತವೆ, ಜೋಡಿಸುತ್ತವೆ, ರಂಗೋಲಿ ಮಾಡುತ್ತವೆ. ನನಗೆ ಇಲ್ಲದಿರುವುದು ಪಕ್ಕ ಕೂತು ನೋಡಿ ಬರೆದಿಡುವ ಹೊತ್ತು. ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳೋಕೆ ಆಗಲ್ಲ.

ಆಕ್ಲೆಂಡ್_ಹಾಸನ:
ಹಾಸನದವಳು, ಈಗ ನ್ಯೂಜಿಲೆಂಡಿನಲ್ಲಿ. ಇಲ್ಲಿ ತೆ ಫಾರಿಕಿ ಅಂತ ಇಡೀ ದೇಶದ ನರ್ಸರಿಗಳಿಗೆ ಒಂದೇ ಪಠ್ಯಕ್ರಮ, 1996ರದು, 2017ರಲ್ಲಿ ತಿದ್ದಿದ್ದಾರೆ. ಅದರಲ್ಲಿ ಈ ವಯಸ್ಸಿಗೆ ಇಷ್ಟು ಅಕ್ಷರ ಬರಬೇಕು ಅನ್ನುವ ಪಟ್ಟಿ ಇಲ್ಲ. ಟೀಚರ್ ಪ್ರತಿ ಮಗುವಿನ ಬಗ್ಗೆ ಕಲಿಕೆಯ ಕಥೆ ಬರೆಯುತ್ತಾರೆ, ಫೋಟೋ ಸಮೇತ. ಮಾರ್ಗರೆಟ್ ಕಾರ್ ಅನ್ನುವ ಪ್ರೊಫೆಸರ್ ಬೆಳೆಸಿದ ಪದ್ಧತಿ ಇದು. ನನ್ನ ಮಗ ಮರಳಿನಲ್ಲಿ ಕಾಲುವೆ ತೋಡಿ, ನೀರು ಇಂಗಿ ಹೋದದ್ದಕ್ಕೆ ಪ್ಲಾಸ್ಟಿಕ್ ಹಾಸಿದ್ದನ್ನು ಒಂದು ಪುಟ ಬರೆದಿದ್ದರು. ಕೊನೆಯಲ್ಲಿ "ಮುಂದಿನ ವಾರ ಪೈಪ್ ತಂದಿಡುತ್ತೇವೆ" ಅಂತಿತ್ತು. ಅದು ನನಗೆ ಹಿಡಿಸಿತು.

ಎಲ್ಲ ಕಥೆಯೂ ಹಾಗಿರಲ್ಲ. ಕೆಲವು ಸೆಂಟರ್‌ಗಳಲ್ಲಿ ಚಂದದ ಫೋಟೋ, ಮೇಲೆ ನಾಲ್ಕು ಸಿಹಿ ಮಾತು, ಹೆಸರು ಬದಲಾಯಿಸಿದರೆ ಯಾವ ಮಗುವಿಗಾದರೂ ಆಗುತ್ತದೆ. ಮೇಷ್ಟ್ರು ಹೇಳಿದ ಪ್ರಗತಿ ನೋಟದ ಕಥೆಯೇ ಇಲ್ಲೂ. ಇನ್ನೊಂದು, ಇಲ್ಲಿ ಮಕ್ಕಳು ಸಾಮಾನ್ಯವಾಗಿ ಐದನೇ ಹುಟ್ಟುಹಬ್ಬ ಆದ ಮೇಲೆ ಶಾಲೆಗೆ ಹೋಗುತ್ತಾರೆ, ಸೇರಿಸಿಕೊಳ್ಳಲು ಯಾರೂ ಪರೀಕ್ಷೆ ಮಾಡಲ್ಲ. ಹಾಗಾಗಿ ಅಮ್ಮಂದಿರಿಗೆ ಎದೆ ಬಡಿತ ಕಮ್ಮಿ. ನಿಮ್ಮ ತಲೆಬಿಸಿಯಲ್ಲಿ ಮುಕ್ಕಾಲು ಪಾಲು ಒಂದನೇ ಕ್ಲಾಸ್ ಸೀಟಿನದು ಅಂತ ನನಗನಿಸುತ್ತದೆ.

ಧಾರವಾಡ_ವಕೀಲ್ರು:
ಸೀಟಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವಾಗ ಮಗುವಿಗಾಗಲಿ ಅಪ್ಪ ಅಮ್ಮನಿಗಾಗಲಿ ಪರೀಕ್ಷೆ, ಇಂಟರ್‌ವ್ಯೂ ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, 13ನೇ ಸೆಕ್ಷನ್. ಮೊದಲ ಸಲಕ್ಕೆ 25 ಸಾವಿರದ ತನಕ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರದ ತನಕ. "ಸುಮ್ನೆ ಮಾತಾಡಿಸ್ತೀವಿ" ಅಂತ ಮಾಡುವವರು ಇದ್ದಾರೆ, ಅದು ಬೇರೆ ಮಾತು. ವಯಸ್ಸಿನ ವಿಷಯ: ಜೂನ್ 1ಕ್ಕೆ ಆರು ತುಂಬಿರಬೇಕು ಅಂತ ರಾಜ್ಯ 2022ರಲ್ಲಿ ಆದೇಶ ಮಾಡಿತು. 2025-26ಕ್ಕೆ ಮಾತ್ರ, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ನಿಮ್ಮ ಮಗಳಿಗೆ ಈಗ ಮೂರೂವರೆ. ಅವಸರ ಯಾಕ್ರೀ? 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದ ತನಕ ಒಂದೇ ಹಂತ ಅಂತ ಹಿಡಿದು, ಆಟದಿಂದಲೇ ಕಲಿಸಿ, ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ.

ಕುವೆಂಪುನಗರದಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಮೂರು ಪ್ರಶ್ನೆ ಕೇಳಿದೆ. ಪುಸ್ತಕ ಇತ್ತು! ಸುರಿಯುವ ಕೆಲಸ ಆಗಿ, ಎರಡು ಸಿಲಿಂಡರ್ ಬ್ಲಾಕ್ ಮುಗಿದು, ಗುಲಾಬಿ ಘನದ ಗೋಪುರ ಅರ್ಧಕ್ಕೆ ಬಿಡುತ್ತಾಳಂತೆ. ಮರಳುಕಾಗದ ಮುಟ್ಟಿ ಕೈ ಹಿಂದೆ ತೆಗೆದಳು ಅಂತ ತಾರೀಕು ಹಾಕಿ ಬರೆದಿದ್ದಾರೆ. ದೊಡ್ಡ ಹುಡುಗಿಯೊಬ್ಬಳು ಅಕ್ಷರ ಜೋಡಿಸುವಾಗ ಪಕ್ಕದಲ್ಲೇ ಕೂತು ನೋಡುತ್ತಾಳಂತೆ. ನಮಗೆ ಇದೇನೂ ಗೊತ್ತಿರಲಿಲ್ಲ.

ಇಷ್ಟವಾಗದ್ದೂ ಇದೆ. ಮೂವತ್ತಕ್ಕೂ ಜಾಸ್ತಿ ಮಕ್ಕಳು, ತರಬೇತಿ ಆದವರು ಒಬ್ಬರೇ, ಉಳಿದವರು ಸಹಾಯಕ್ಕೆ ಇರುವ ಆಯಾಗಳು. ನಾನು ಇದ್ದಷ್ಟು ಹೊತ್ತೂ ಆ ಟೀಚರ್‌ನ ಫೋನು, ಗೇಟು ಅಂತ ಎಬ್ಬಿಸುತ್ತಲೇ ಇದ್ದರು. ಇನ್ನೊಬ್ಬರನ್ನು ತೆಗೆದುಕೊಳ್ಳಿ ಅಂತ ನಾವು ಕೆಲವು ಅಮ್ಮಂದಿರು ಸೇರಿ ಬರೆದುಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಬರುವ ವರ್ಷದ ವಿಷಯ ಆ ಉತ್ತರ ನೋಡಿ.

ಇನ್ನೊಂದು. ಕಪಾಟಿನಲ್ಲಿ ಒಂದೂ ಕನ್ನಡ ಅಕ್ಷರ ಇಲ್ಲ. ಮನೆಯಲ್ಲಿ ಪೂರ್ತಿ ಕನ್ನಡ ಮಾತಾಡುವ ಮಗು. ಕೇಳಿದರೆ "ಕನ್ನಡದ ಸೆಟ್ ನಮ್ಮ ಹತ್ತಿರ ಇಲ್ಲ" ಅಂದರು. ಮನೆಯಲ್ಲೇ ಮಾಡಬಹುದಾ?

ಜಯನಗರ_ಮಾಂಟ್_ಅಕ್ಕ:
ಖಂಡಿತ. ಹಾರ್ಡ್‌ವೇರ್ ಅಂಗಡಿಯಲ್ಲಿ ಉಪ್ಪುಕಾಗದ (ಅದೇ ಮರಳುಕಾಗದ) ಕೇಳಿ, ನುಣುಪಾದದ್ದು ಕೊಡಿ ಅನ್ನಿ. ಒರಟಾದರೆ ಬೆರಳು ಉರಿಯುತ್ತದೆ. ನಿಮ್ಮ ಮಗಳು ಕೈ ತೆಗೆದದ್ದೂ ಅದಕ್ಕೇ ಇರಬಹುದು, ಮೊದಲು ಬೆಚ್ಚಗಿನ ನೀರಲ್ಲಿ ಬೆರಳು ಅದ್ದಿ ಒರೆಸಿ. ಕಾಗದದ ಹಿಂಬದಿಗೆ ಅಕ್ಷರವನ್ನು ತಿರುಗುಮುರುಗಾಗಿ ಬರೆದು ಕತ್ತರಿಸಿ, ಇಲ್ಲದಿದ್ದರೆ ಅಂಟಿಸುವಾಗ ಉಲ್ಟಾ ಆಗುತ್ತದೆ. ಸ್ವರಕ್ಕೆ ನೀಲಿ ರಟ್ಟು, ವ್ಯಂಜನಕ್ಕೆ ಗುಲಾಬಿ. ಗೆರೆಯ ಅಗಲ ನಿಮ್ಮ ಎರಡು ಬೆರಳಿನಷ್ಟು ಬೇಡ, ಅವಳ ಎರಡು ಬೆರಳಿನಷ್ಟು.

ಹೆಬ್ಬಾಳದಪ್ಪ:
49 ಅಕ್ಷರ, ಮೇಲೆ ಕಾಗುಣಿತ, ಒತ್ತಕ್ಷರ. ಕತ್ತರಿಸಿ ಮುಗಿಸುವಷ್ಟರಲ್ಲಿ ಮಗಳು ಹೈಸ್ಕೂಲ್.

ಕೋಟೆ_ಮೇಷ್ಟ್ರು:
ರ ಗ ಸ ದ ಅ ಐದು ಮಾಡಿ ಕೊಡಿ ಸಾಕು. ಅವು ಬಂದ ಮೇಲೆ ಜ ವ ಮ ಬ ನ. ಕಾಗುಣಿತಕ್ಕೆ ಇನ್ನೂ ತುಂಬಾ ಸಮಯ ಇದೆ. ಮುಂದಿನ ಐದರ ಪಟ್ಟಿ ಬೇಕಾದಾಗ ಇಲ್ಲೇ ಕೇಳಿ, ಹಾಕುತ್ತೇನೆ.